ಸೋಲುವ ತಂಡದ ಹಾಜರಿ ಪುಸ್ತಕ

ನನ್ನ ಕೆಲಸ ಏನು ಅಂತ ಮನೆಯಲ್ಲಿ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. "ಕಂಪ್ಯೂಟರಲ್ಲಿ ಅಮೆರಿಕದ ಆಟ ನೋಡ್ತಾನೆ" ಅಂತ ನಮ್ಮಮ್ಮ ನೆಂಟರಿಗೆ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಆಟ ನೋಡಲು ಪುರುಸೊತ್ತೇ ಇರುವುದಿಲ್ಲ. ಬೆಂಗಳೂರಿನ ಒಂದು ಆಫೀಸಿನಲ್ಲಿ ಕೂತು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳ ಹಾಜರಿ ಪುಸ್ತಕ ನೋಡಿಕೊಳ್ಳುವ ಡೆಸ್ಕ್ ನಮ್ಮದು. ಇವತ್ತು ಯಾರು ತಂಡದಲ್ಲಿದ್ದಾರೆ, ಯಾರನ್ನು ಕೆಳಗಿನ ಲೀಗಿಗೆ ಕಳಿಸಿದರು, ಯಾರಿಗೆ ಮೊಣಕೈ ನೋವು, ಯಾರನ್ನು ಬಿಟ್ಟರು. ತಂಡದವರು ಹೇಳಿದ ಕೆಲವೇ ನಿಮಿಷಗಳಲ್ಲಿ ನಮ್ಮ ಸಿಸ್ಟಮ್‌ನಲ್ಲಿ ಅದು ಬದಲಾಗಬೇಕು. ಶಿಕಾಗೊದಲ್ಲಿ ಸಂಜೆ 6:40ಕ್ಕೆ ಆಟ ಅಂದರೆ ನಮಗೆ ಬೆಳಗಿನ ಜಾವ 5:10. ಅದಕ್ಕೂ ಒಂದೆರಡು ಗಂಟೆ ಮೊದಲೇ ಪಟ್ಟಿಗಳು ಬರಲು ಶುರು.

ಈ ಕೆಲಸದಲ್ಲಿ ನಾನು ಜಾಸ್ತಿ ಕಲಿತಿದ್ದು ಗೆಲ್ಲುವ ತಂಡಗಳಿಂದ ಅಲ್ಲ. ಗೆಲ್ಲುವ ತಂಡದ ಪಟ್ಟಿಯ ಮುಖ್ಯ ಹೆಸರುಗಳು ವಾರಗಟ್ಟಲೆ ಹಾಗೇ ಇರುತ್ತವೆ. ನನಗೆ ಪಾಠ ಹೇಳಿದ್ದು ಶಿಕಾಗೊ ವೈಟ್ ಸಾಕ್ಸ್. 2024ರಲ್ಲಿ 162 ಆಟಗಳಲ್ಲಿ 121 ಸೋತ ತಂಡ.

ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲು ಸ್ವಲ್ಪ ನಿಯಮ ಹೇಳಬೇಕು. ಅಲ್ಲಿ ಐಪಿಎಲ್ ಥರ ಹರಾಜಿಲ್ಲ. ಹೈಸ್ಕೂಲು, ಕಾಲೇಜು ಹುಡುಗರನ್ನು ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯ ಮೇಲೆ, ಆರಿಸಿಕೊಳ್ಳುತ್ತಾರೆ. ಮೈನರ್ ಲೀಗಿನಲ್ಲಿ, ಅಂದರೆ ಕೆಳಗಿನ ಲೀಗಿನಲ್ಲಿ, ವರ್ಷಗಟ್ಟಲೆ ಪಳಗಿಸುತ್ತಾರೆ. ಮೇಲೆ ಬಂದ ಮೇಲೆ ಸುಮಾರು ಆರು ವರ್ಷ ಅವನು ಆ ತಂಡದ ಕೈಯಲ್ಲೇ. ಒಪ್ಪಂದದಲ್ಲಿ ಬೇಡ ಅಂತ ಬರೆಸಿಕೊಂಡ ಕೆಲವು ದೊಡ್ಡವರನ್ನು ಬಿಟ್ಟರೆ ಯಾರನ್ನು ಬೇಕಾದರೂ ಕೇಳದೆ ಕೇಳಿಸದೆ ಇನ್ನೊಂದು ತಂಡಕ್ಕೆ ಕೊಟ್ಟು, ಬದಲಿಗೆ ಬೇರೆಯವರನ್ನು ತರಬಹುದು. ಅದೇ ಟ್ರೇಡ್.

ತಂಡದ ದೊಡ್ಡ ಪಟ್ಟಿಯಲ್ಲಿ 40 ಹೆಸರು. ಆ ದಿನ ಮೈದಾನಕ್ಕೆ ಇಳಿಯಬಹುದಾದವರು 26. ದೊಡ್ಡ ಪಟ್ಟಿ ತುಂಬಿದ್ದಾಗ ಹೊಸಬನನ್ನು ಸೇರಿಸಬೇಕಾದರೆ ಹಳಬನೊಬ್ಬನನ್ನು ತೆಗೆಯಬೇಕು. ಅವನ ಹೆಸರಿನ ಮುಂದೆ ನಾವು 'ಡಿಎಫ್‌ಎ' (ಡೆಸಿಗ್ನೇಟೆಡ್ ಫಾರ್ ಅಸೈನ್‌ಮೆಂಟ್) ಅಂತ ಗುರುತು ಹಾಕುತ್ತೇವೆ. ಅಲ್ಲಿಂದ 7 ದಿನದ ಗಡಿಯಾರ ಓಡಲು ಶುರು. ಅಷ್ಟರಲ್ಲಿ ಅವನನ್ನು ಯಾರಿಗಾದರೂ ಕೊಡಬೇಕು, ಇಲ್ಲ ಬೇಕಾದ ತಂಡ ಎತ್ತಿಕೊಳ್ಳಲಿ ಅಂತ ವೇವರ್‌ಗೆ ಹಾಕಬೇಕು, ಇಲ್ಲ ಕೈಬಿಡಬೇಕು. ವೇವರ್‌ಗೆ ಹಾಕಿದರೆ ಬೇಕು ಅನ್ನುವ ಮೊದಲ ಹಕ್ಕು ಅಂಕಪಟ್ಟಿಯ ತಳದಲ್ಲಿರುವ ತಂಡದ್ದು. ಅಂದರೆ ಉಳಿದ 29 ತಂಡಗಳು ಬೇಡ ಅಂದವರನ್ನೆಲ್ಲ ಮೊದಲು ನೋಡುವವರು ಸೋತವರೇ. ಹಾಗಾಗಿ ತಳದ ತಂಡದ ಪಟ್ಟಿ ಸದಾ ಅಲುಗಾಡುತ್ತಿರುತ್ತದೆ.

ಈಗ 2024ಕ್ಕೆ ಬರೋಣ. ಜುಲೈ 10ರಿಂದ ಆಗಸ್ಟ್ 5ರವರೆಗೆ ವೈಟ್ ಸಾಕ್ಸ್ ಒಂದಾದ ಮೇಲೊಂದು 21 ಆಟ ಸೋತರು. ಆಗಸ್ಟ್ 6ರಂದು ಓಕ್ಲೆಂಡ್‌ನಲ್ಲಿ 5-1ರಿಂದ ಗೆದ್ದರು. ಇಷ್ಟು ದಿನ ಸೋಲು ನುಂಗಿಕೊಂಡಿದ್ದ ಆಡಳಿತ, ಗೆದ್ದ ಎರಡು ದಿನಕ್ಕೆ ಮ್ಯಾನೇಜರ್ (ಕ್ರಿಕೆಟ್‌ನ ಕೋಚ್ ಇದ್ದ ಹಾಗೆ) ಪೆಡ್ರೊ ಗ್ರಿಫೋಲ್ ಅವರನ್ನು ಮನೆಗೆ ಕಳಿಸಿತು. ಸೆಪ್ಟೆಂಬರ್ 27ರಂದು ಡೆಟ್ರಾಯಿಟ್‌ನಲ್ಲಿ 121ನೇ ಸೋಲು. 1962ರ ನ್ಯೂಯಾರ್ಕ್ ಮೆಟ್ಸ್ 120 ಸೋತದ್ದು ಆಧುನಿಕ ಕಾಲದ ದಾಖಲೆಯಾಗಿತ್ತು. ಅದೂ ಹೋಯಿತು.

ಎಲ್ಲರೂ ನಕ್ಕರು. ನಮ್ಮ ಡೆಸ್ಕಿನಲ್ಲೂ ನಕ್ಕರು. ಆದರೆ ದಿನಾ ಆ ಪಟ್ಟಿ ತಿದ್ದುತ್ತಿದ್ದ ನನಗೆ ಸೋಲಿಗಿಂತ ಬೇರೊಂದು ವಿಷಯ ಕಣ್ಣಿಗೆ ಕುಕ್ಕುತ್ತಿತ್ತು. ಆಡುತ್ತಿದ್ದವರು ಯಾರು? ನಮ್ಮ ವಿಕೆಟ್ ಕೀಪರ್ ಥರದ ಕ್ಯಾಚರ್ ಜಾಗದಲ್ಲಿ 37 ವರ್ಷದ ಮಾರ್ಟಿನ್ ಮಾಲ್ಡೊನಾಡೊ. ಒಂದು ವರ್ಷಕ್ಕೆ 40 ಲಕ್ಷ ಡಾಲರ್. ಚೆಂಡು ಎಸೆಯುವ ಪಿಚರ್‌ಗಳನ್ನು ನಿಭಾಯಿಸುವುದರಲ್ಲಿ ನುರಿತವರು, ಅದರಲ್ಲಿ ಎರಡು ಮಾತಿಲ್ಲ. ಬ್ಯಾಟಿಂಗ್ ಸರಾಸರಿ ಮಾತ್ರ ಪಾಯಿಂಟ್ 119. ಅಲ್ಲಿ ಪಾಯಿಂಟ್ 250 ಬಂದರೆ ಪರವಾಗಿಲ್ಲ ಅನ್ನುತ್ತಾರೆ ಅಂದರೆ ಲೆಕ್ಕ ಹಾಕಿಕೊಳ್ಳಿ. ಟಾಮಿ ಫ್ಯಾಮ್, ಪಾಲ್ ಡಿಯಾಂಗ್, ಕೆವಿನ್ ಪಿಲ್ಲರ್, ಹೀಗೆ ಊರೂರು ಸುತ್ತಿ ಬಂದ ಹಳಬರು. ಅಗ್ಗಕ್ಕೆ ತಂದು, ಚೆನ್ನಾಗಿ ಆಡಿದರೆ ಜುಲೈನಲ್ಲಿ ಗೆಲ್ಲುವ ತಂಡಕ್ಕೆ ಮಾರಿ, ಬದಲಿಗೆ ಎಳೆಯರನ್ನು ತರುವ ಲೆಕ್ಕಾಚಾರ. ಫ್ಯಾಮ್, ಡಿಯಾಂಗ್ ಇಬ್ಬರೂ ಹಾಗೇ ಹೋದರು. ಮಾಲ್ಡೊನಾಡೊರನ್ನು ಕೊನೆಗೆ ಸುಮ್ನೆ ಬಿಟ್ಟುಬಿಟ್ಟರು.

ಸೋಲುವ ತಂಡದ ಹತ್ತಿರ ಇರುವುದು ಒಂದೇ ಆಸ್ತಿ: ಖಾಲಿ ಜಾಗ. ಗೆಲ್ಲುವ ತಂಡದಲ್ಲಿ 22 ವರ್ಷದ ಹುಡುಗ ಸತತ ಮೂರು ವಾರ ಎಡವಿದರೆ ಬೆಂಚಿಗೆ ಹೋಗುತ್ತಾನೆ. ಸೋಲುವ ತಂಡ ಅವನನ್ನು ಮೂರು ತಿಂಗಳು ಎಡವಲು ಬಿಡಬಹುದು, ಯಾರಿಗೂ ನಷ್ಟವಿಲ್ಲ. ಆ ಜಾಗವನ್ನು ಯಾರಿಗೆ ಕೊಡುತ್ತಾರೆ ಅನ್ನುವುದನ್ನು ನೋಡಿದರೆ, ತಂಡ ಕಟ್ಟುತ್ತಿದ್ದಾರೋ ಬರೀ ದಿನ ದೂಡುತ್ತಿದ್ದಾರೋ ಗೊತ್ತಾಗುತ್ತದೆ. ಪತ್ರಿಕೆಯವರು ದೊಡ್ಡ ಟ್ರೇಡ್ ಬಗ್ಗೆ ಬರೆಯುತ್ತಾರೆ. ನಾನು ಪಟ್ಟಿಯ ತಳ ನೋಡುತ್ತೇನೆ.

ಇದೇ ತಂಡ ಹಿಂದೊಮ್ಮೆ ಎಲ್ಲವನ್ನೂ ಮಾರಿ ಹೊಸದಾಗಿ ಕಟ್ಟಲು ಹೊರಟಿತ್ತು, ಅದನ್ನು ಮರೆಯಬಾರದು. 2016ರ ಡಿಸೆಂಬರ್‌ನಲ್ಲಿ ಕ್ರಿಸ್ ಸೇಲ್ ಅವರನ್ನು ಬಾಸ್ಟನ್‌ಗೆ ಕೊಟ್ಟು ಯೋಆನ್ ಮೊಂಕಾಡಾ, ಮೈಕಲ್ ಕೋಪೆಕ್ ಸಹಿತ ನಾಲ್ವರನ್ನು ತಂದರು. ಮುಂದಿನ ಜುಲೈನಲ್ಲಿ ಹೋಸೆ ಕಿಂಟಾನಾರನ್ನು ಊರಿನ ಎದುರಾಳಿ ಕಬ್ಸ್‌ಗೇ ಕೊಟ್ಟು ಎಲಾಯ್ ಹಿಮೆನೆಸ್, ಡಿಲನ್ ಸೀಸ್ ಅವರನ್ನು ತಂದರು. ಆಗ ಅದನ್ನು ಹೊಗಳದವರೇ ಇಲ್ಲ. 2018ರಲ್ಲಿ 100 ಸೋಲು, 2021ರಲ್ಲಿ 93 ಗೆಲುವು, ತಮ್ಮ ವಿಭಾಗದಲ್ಲಿ ಮೊದಲ ಸ್ಥಾನ. ಅಲ್ಲಿಗೆ ಮುಗಿಯಿತು. ಹ್ಯೂಸ್ಟನ್ ಎದುರು ಮೊದಲ ಸರಣಿಯಲ್ಲೇ ಹೊರಗೆ. 2022ರಲ್ಲಿ 81 ಗೆಲುವು, 81 ಸೋಲು. 2023ರಲ್ಲಿ 101 ಸೋಲು.

ಏನಾಯಿತು? ಗಾಯಗಳು ಬಹಳ, ಅದು ಹೌದು. ಆದರೆ ಗಾಯ ಎಲ್ಲರಿಗೂ ಆಗುತ್ತದೆ. ಮೇಲಿನ ಎಂಟು ಜನ ಚಿನ್ನದಂಥವರಿದ್ದರು. ಒಬ್ಬ ಬಿದ್ದರೆ ಅವನ ಜಾಗಕ್ಕೆ ಮೈನರ್ ಲೀಗಿನಿಂದ ಬರಬೇಕಾದವನೇ ಇರಲಿಲ್ಲ. ದುಡ್ಡು ಸುರಿದು ಹೊರಗಿನಿಂದ ತರುವ ಮನಸ್ಸೂ ಮಾಲೀಕರಿಗೆ ಇರಲಿಲ್ಲ. ಆ ತಂಡ ಹೊರಗಿನ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಒಪ್ಪಂದವೇ ಆಂಡ್ರ್ಯೂ ಬೆನಿಂಟೆಂಡಿಯದು, ಐದು ವರ್ಷಕ್ಕೆ 7.5 ಕೋಟಿ ಡಾಲರ್. ಬೇರೆ ತಂಡಗಳು ಅದರ ಮೂರು, ನಾಲ್ಕು ಪಟ್ಟು ಕೊಡುವ ಕಾಲ ಇದು. ತಂದವರೆಲ್ಲ ಒಳ್ಳೆಯವರೇ. ತಂದ ಮೇಲೆ ಕಲಿಸಿ ಬೆಳೆಸುವ ವ್ಯವಸ್ಥೆ ತೆಳ್ಳಗಿತ್ತು ಅನ್ನುವುದು ನನ್ನ ಅಭಿಪ್ರಾಯ.

ಸೋತರೆ ಡ್ರಾಫ್ಟಿನಲ್ಲಿ ಮೊದಲು ಆರಿಸುವ ಸರದಿ ಸಿಗುತ್ತದೆ, ಆದ್ದರಿಂದ ಬೇಕಂತಲೇ ಸೋಲುತ್ತಾರೆ ಅಂತ ಕೆಲವರು ಹೇಳುತ್ತಾರೆ. ಹಿಂದೆ ಅದು ನಿಜವಿತ್ತು. ಆಟಗಾರರ ಸಂಘದ ಜೊತೆ 2022ರಲ್ಲಿ ಆದ ಒಪ್ಪಂದದ ಮೇಲೆ ಮೊದಲ ಆರು ಸ್ಥಾನಕ್ಕೆ ಲಾಟರಿ ಬಂತು. ದೊಡ್ಡ ಊರಿನ ಶ್ರೀಮಂತ ತಂಡ ಎರಡು ವರ್ಷ ಸತತವಾಗಿ ಆ ಲಾಟರಿಯಲ್ಲಿ ಇರುವ ಹಾಗಿಲ್ಲ. 2024ರ ಡ್ರಾಫ್ಟಿನಲ್ಲಿ 5ನೇ ಸ್ಥಾನ ಪಡೆದ ವೈಟ್ ಸಾಕ್ಸ್‌ಗೆ, 121 ಸೋತ ಮೇಲೆ 2025ರಲ್ಲಿ ಸಿಕ್ಕಿದ್ದು 10ನೇ ಸ್ಥಾನ. ಆಧುನಿಕ ಕಾಲದಲ್ಲೇ ಅತಿ ಹೆಚ್ಚು ಸೋತದ್ದಕ್ಕೆ ಸಂಬಳವೂ ಕಟ್!

ಹೀಗಾಗಿ ಆಟಗಾರರನ್ನು ತರುವ, ಬಿಡುವ ಹೊಣೆಯ ಜನರಲ್ ಮ್ಯಾನೇಜರ್ ಕ್ರಿಸ್ ಗೆಟ್ಜ್‌ಗೆ ಬೇರೆ ದಾರಿ ಹುಡುಕಲೇಬೇಕಿತ್ತು. ಅವರ ಒಂದು ನಿರ್ಧಾರ ನಮ್ಮ ಸ್ಕ್ರೀನಿನ ಮೇಲೆ ಹೇಗೆ ಕಂಡಿತು ಅಂತ ಹೇಳುತ್ತೇನೆ.

ಪ್ರತಿ ಡಿಸೆಂಬರ್‌ನಲ್ಲಿ 'ರೂಲ್ 5 ಡ್ರಾಫ್ಟ್' ಅಂತ ನಡೆಯುತ್ತದೆ. ಒಂದು ತಂಡ ಮೈನರ್ ಲೀಗಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡು, 40ರ ಪಟ್ಟಿಗೆ ಸೇರಿಸದೆ ಬಿಟ್ಟವನನ್ನು ಇನ್ನೊಂದು ತಂಡ 1 ಲಕ್ಷ ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು. ಷರತ್ತು ಒಂದೇ. ಮುಂದಿನ ಇಡೀ ಸೀಸನ್ ಅವನನ್ನು 26ರೊಳಗೇ ಇಟ್ಟುಕೊಳ್ಳಬೇಕು. ನಮ್ಮ ಫಾರ್ಮಿನಲ್ಲಿ ಅಂಥವನ ಹೆಸರಿಗೆ ಒಂದು ಟಿಕ್ ಇರುತ್ತದೆ. ಆ ಟಿಕ್ ಇದ್ದಾಗ ಯಾರಾದರೂ 'ಮೈನರ್ ಲೀಗಿಗೆ ಕಳಿಸಲಾಗಿದೆ' ಅಂತ ಒತ್ತಿದರೆ ಸಾಲು ಕೆಂಪಾಗುತ್ತದೆ. ಗೆಲ್ಲುವ ತಂಡಗಳು ಈ ತಲೆನೋವಿಗೆ ಸಾಮಾನ್ಯವಾಗಿ ಕೈ ಹಾಕುವುದಿಲ್ಲ. 26 ಜಾಗದಲ್ಲಿ ಒಂದನ್ನು ಹಸಿ ಹುಡುಗನಿಗೆ ವರ್ಷಪೂರ್ತಿ ಕೊಡಲು ಯಾರಿಗೆ ಆಗುತ್ತದೆ?

ತಳದವರಿಗೆ ಆಗುತ್ತದೆ. 2024ರ ಡಿಸೆಂಬರ್‌ನಲ್ಲಿ ಮೊದಲ ಆಯ್ಕೆ ವೈಟ್ ಸಾಕ್ಸ್‌ದೇ. ಮಿಲ್ವಾಕಿ ತಂಡದಿಂದ ಶೇನ್ ಸ್ಮಿತ್ ಎಂಬ ಪಿಚರ್‌ನನ್ನು ಎತ್ತಿಕೊಂಡರು. ಕಾಲೇಜು ಮುಗಿದಾಗ ಡ್ರಾಫ್ಟಿನಲ್ಲಿ ಯಾರೂ ಆರಿಸದೆ ಬಿಟ್ಟಿದ್ದ ಹುಡುಗ. ಅವನಿಗೆ ಮೊದಲ ಓವರ್‌ನಿಂದಲೇ, ಅಂದರೆ ಮೊದಲ ಇನ್ನಿಂಗ್ಸ್‌ನಿಂದಲೇ ಎಸೆಯುವ 'ಸ್ಟಾರ್ಟರ್' ಕೆಲಸ ಕೊಟ್ಟರು. 2025ರ ಜುಲೈನಲ್ಲಿ ಆರಿಸಿದ ಉತ್ತಮ ಆಟಗಾರರು ಆಡುವ ಆಲ್ ಸ್ಟಾರ್ ಪಂದ್ಯದ ಪಟ್ಟಿ ಬಂದಾಗ ಅವನ ಹೆಸರು ಅದರಲ್ಲಿತ್ತು. ನಮ್ಮ ಫಾರ್ಮಿನಲ್ಲಿ ಆ ಟಿಕ್ ಇನ್ನೂ ಹಾಗೇ ಇತ್ತು.

ಕೋಲ್ಸನ್ ಮಾಂಟ್ಗೊಮರಿಯ ಕಥೆ ಇನ್ನೂ ಚೆನ್ನಾಗಿದೆ. 2021ರ ಮೊದಲ ಸುತ್ತಿನ ಆಯ್ಕೆ. 2025ರ ಏಪ್ರಿಲ್‌ನಲ್ಲಿ ಮೈನರ್ ಲೀಗಿನ ಮೇಲಿನ ಮೆಟ್ಟಿಲಾದ ಟ್ರಿಪಲ್ ಎ ಮಟ್ಟದಲ್ಲಿ ಸರಾಸರಿ ಪಾಯಿಂಟ್ 150ಕ್ಕೂ ಕೆಳಗೆ. ಅವನನ್ನು ತಂಡದಿಂದ ಬಿಡಿಸಿ ಅರಿಜೋನಾದ ತರಬೇತಿ ಕೇಂದ್ರಕ್ಕೆ ಕರೆಸಿಕೊಂಡರು. ಆಟ ಇಲ್ಲ, ಅಂಕ ಇಲ್ಲ. ಬ್ಯಾಟಿಂಗ್ ವಿಭಾಗದ ಮುಖ್ಯಸ್ಥ ರಯನ್ ಫುಲ್ಲರ್ ಜೊತೆ ಬರೀ ಅಭ್ಯಾಸ. ಜುಲೈ 4ರಂದು ಮೇಜರ್ ಲೀಗಿಗೆ ಕಾಲಿಟ್ಟ ಹುಡುಗ 71 ಆಟಗಳಲ್ಲಿ 21 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದ. ಮಿಗೆಲ್ ವರ್ಗಾಸ್ ಇನ್ನೊಬ್ಬ. 2024ರ ಜುಲೈನಲ್ಲಿ ಕೋಪೆಕ್, ಫ್ಯಾಮ್ ಮುಂತಾದವರನ್ನು ಕೊಟ್ಟ ಮೂರು ತಂಡಗಳ ಟ್ರೇಡಿನಲ್ಲಿ ಬಂದವನು. ಬಂದ ವರ್ಷ ಸರಾಸರಿ ಪಾಯಿಂಟ್ 104. ಆದರೂ ಮುಂದಿನ ವರ್ಷ ದಿನಾ ಆಡಿಸಿದರು. 16 ಹೋಮ್ ರನ್ ಬಂತು.

2025ರಲ್ಲಿ ಒಟ್ಟು 60 ಗೆಲುವು, 102 ಸೋಲು. ಇದೂ ಸತತ ಮೂರನೇ ವರ್ಷ ನೂರು ದಾಟಿದ ಸೋಲೇ, ಸಂಭ್ರಮ ಪಡುವಂಥದ್ದೇನಲ್ಲ. ಆದರೆ ಪಟ್ಟಿ ಬೇರೆ ಆಗಿತ್ತು. ಕಾಯಿಲ್ ಟೀಲ್, ಚೇಸ್ ಮೈಡ್ರಾತ್, ಎಡ್ಗರ್ ಕೆರೊ, ಎಲ್ಲ ಅದೇ ವರ್ಷ ಮೊದಲ ಸಲ ಮೇಜರ್ ಲೀಗ್ ಕಂಡವರು.

ಎಲ್ಲರಿಗೂ ಇದು ಕೈಗೂಡುತ್ತದೆ ಅಂತಲ್ಲ. 2011ರಿಂದ 2013ರವರೆಗೆ ಮೂರು ವರ್ಷವೂ ನೂರಕ್ಕಿಂತ ಜಾಸ್ತಿ ಸೋತು, 2017ರಲ್ಲಿ ವಿಶ್ವ ಸರಣಿ ಗೆದ್ದ ಹ್ಯೂಸ್ಟನ್ ಆಸ್ಟ್ರೋಸ್ ಹೆಸರನ್ನು ಎಲ್ಲರೂ ಹೇಳುತ್ತಾರೆ. ಆ ಗೆಲುವಿಗೆ ಆಮೇಲೆ ಎದುರಾಳಿ ಕ್ಯಾಚರ್ ಪಿಚರ್‌ಗೆ ಕೊಡುವ ಸಂಕೇತ ಕದ್ದ ಹಗರಣದ ಮಸಿಯೂ ಮೆತ್ತಿಕೊಂಡಿತು, ಅದು ಬೇರೆ ಮಾತು. ಅಷ್ಟು ಜಾಣರೂ 2014ರ ಮಾರ್ಚ್‌ನಲ್ಲಿ ಜೆ.ಡಿ. ಮಾರ್ಟಿನೆಸ್‌ರನ್ನು ಬಿಟ್ಟುಬಿಟ್ಟರು. ಚಳಿಗಾಲದಲ್ಲಿ ಬ್ಯಾಟ್ ಬೀಸುವ ರೀತಿಯನ್ನೇ ಬದಲಿಸಿಕೊಂಡು ಬಂದಿದ್ದ ಅವರಿಗೆ ಅದನ್ನು ತೋರಿಸಲು ಸರಿಯಾಗಿ ಆಡುವ ಜಾಗವೇ ಸಿಗಲಿಲ್ಲ. ಡೆಟ್ರಾಯಿಟ್ ಕರೆದುಕೊಂಡಿತು. ಅದೇ ವರ್ಷ 23 ಹೋಮ್ ರನ್.

ಇನ್ನು ನಮ್ಮ ಆಫೀಸಿನ ವಿಷಯ. ನಮ್ಮ ಡೆಸ್ಕಿನಲ್ಲಿ ಹೊಸಬರನ್ನು ಮೊದಲು ಡಾಡ್ಜರ್ಸ್, ಯಾಂಕೀಸ್‌ನಂಥ ತಂಡಕ್ಕೆ ಹಳಬರ ಪಕ್ಕ ಕೂರಿಸುವ ಪದ್ಧತಿ ಇತ್ತು. ದೊಡ್ಡ ತಂಡ ನೋಡಿ ಕಲಿಯಲಿ ಅಂತ. ಅಲ್ಲಿ ತಪ್ಪಾದರೆ ಗ್ರಾಹಕರಿಂದ ತಕ್ಷಣ ದೂರು, ಹಾಗಾಗಿ ಹಳಬರು ಕೀಬೋರ್ಡ್ ಬಿಡುತ್ತಿರಲಿಲ್ಲ. ಹೊಸಬರು ತಿಂಗಳುಗಟ್ಟಲೆ ನೋಡುತ್ತಲೇ ಇರುತ್ತಿದ್ದರು. ಶಿಫ್ಟ್ ನನ್ನ ಕೈಗೆ ಬಂದಾಗ ನಾನು ಅದನ್ನು ತಿರುಗಿಸಿದೆ. ಹೊಸಬರಿಗೆ ನೇರವಾಗಿ ವೈಟ್ ಸಾಕ್ಸ್. ಬದಲಾವಣೆ ಜಾಸ್ತಿ, ನೋಡುವವರು ಕಮ್ಮಿ. ಡಿಎಫ್‌ಎ, ವೇವರ್, ಗಾಯಾಳು ಪಟ್ಟಿ, ಎಲ್ಲ ಒಂದೇ ವಾರದಲ್ಲಿ ಕೈಗೆ ಬರುತ್ತದೆ.

"ಅವರೇನು ಕಲಿತಾರೆ ಸರ್, ಸೋಲೋ ಟೀಮಿಂದ?" ಅಂತ ನಮ್ಮ ಮ್ಯಾನೇಜರ್ ಕೇಳಿದರು.

"ಸರ್, ಅಲ್ಲಿ ಎಂಟ್ರಿ ಮಾಡೋಕೆ ಕೆಲಸ ಇರತ್ತೆ" ಅಂದೆ.

ತುಮಕೂರಿನ ಒಬ್ಬಳು ಹುಡುಗಿ ಹೀಗೆ ಬಂದವಳು. ಬೇಸ್‌ಬಾಲ್ ಬ್ಯಾಟ್ ಮುಟ್ಟಿದವಳಲ್ಲ. 2025ರ ಬೇಸಿಗೆಯಲ್ಲಿ ಶೇನ್ ಸ್ಮಿತ್ ಗಾಯಾಳು ಪಟ್ಟಿಗೆ ಹೋದಾಗ, ಅದು ಮೈನರ್ ಲೀಗಿಗೆ ಇಳಿಸಿದಂತೆ ಆಗುವುದಿಲ್ಲ, ಟಿಕ್ ತೆಗೆಯಬಾರದು ಅಂತ ಹಳಬರಿಗೆ ಅವಳೇ ಹೇಳಿದಳು. ಅಷ್ಟು ಹೊತ್ತಿಗೆ ಪಕ್ಕದ ಡೆಸ್ಕಿನವರ ಕಣ್ಣೂ ಅವಳ ಮೇಲೆ ಬಿದ್ದಿತ್ತು.

ಸೀಸನ್ ಮುಗಿದ ಮೇಲೆ ಅವಳನ್ನು ಕೊಡಿ ಅಂತ ಕೇಳಿಯೇಬಿಟ್ಟರು. ನನಗೆ ಗ್ಯಾರೆಟ್ ಕ್ರೋಶೆ ನೆನಪಾದರು. ವೈಟ್ ಸಾಕ್ಸ್‌ನಲ್ಲಿ ಕೊನೆಗೆ ಬಂದು ಒಂದೆರಡು ಇನ್ನಿಂಗ್ಸ್ ಎಸೆಯುತ್ತಿದ್ದ ಪಿಚರ್. 2024ರಲ್ಲಿ ಅವರನ್ನು ಸ್ಟಾರ್ಟರ್ ಮಾಡಿದರು, 146 ಇನ್ನಿಂಗ್ಸ್‌ಗಳಲ್ಲಿ 209 ಜನರನ್ನು ಸ್ಟ್ರೈಕ್‌ಔಟ್ ಮಾಡಿದರು. ಡಿಸೆಂಬರ್‌ನಲ್ಲಿ ಅವರನ್ನು ಬಾಸ್ಟನ್‌ಗೆ ಕೊಟ್ಟು ಟೀಲ್, ಮೈಡ್ರಾತ್ ಸೇರಿ ನಾಲ್ವರನ್ನು ತಂದರು. ಆಗ ಬೈದವರು ಬಹಳ ಜನ. ನನಗೆ ಅದು ಸರಿಯೆನಿಸಿತ್ತು. ಅವರಿದ್ದರೂ ತಂಡ ಗೆಲ್ಲುವ ಹೊತ್ತಿಗೆ ಅವರ ಒಪ್ಪಂದ ಮುಗಿದಿರುತ್ತಿತ್ತು.

ನಾನೂ ನಾಲ್ವರನ್ನೇ ಕೇಳಿದೆ. ಚೌಕಾಸಿ ಆಗಿ ಇಬ್ಬರು ಫ್ರೆಶರ್‌ಗಳು ಸಿಕ್ಕರು. ಇಬ್ಬರನ್ನೂ ಶಿಕಾಗೊ ಡೆಸ್ಕಿಗೇ ಹಾಕಿದ್ದೇನೆ.