ಪೇನಿಬ್ಯಾಸಿಲಸ್ ಲಾರ್ವೆ ಸಿಕ್ಕಿತು ಅಂದರೆ ಸಾಲದು, ಟೈಪ್ ಯಾವುದು?

ಜರ್ಮನಿಯ ಒಂದು ಲ್ಯಾಬ್‌ನಲ್ಲಿ ಜೇನುಹುಳುಗಳ ರೋಗ ಪತ್ತೆ ಮಾಡುವುದು ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವ ಮಾತಿದು: ಬ್ಯಾಕ್ಟೀರಿಯಾ ಪೇನಿಬ್ಯಾಸಿಲಸ್ ಲಾರ್ವೆ ಎಂದು ಬರೆದು ಫೈಲ್ ಮುಚ್ಚಬೇಡಿ. ಟೈಪ್, ಅಂದರೆ ಅದರೊಳಗಿನ ಬಗೆ ಯಾವುದು ಅಂತ ಕೂಡ ನೋಡಿ.

ಈ ಬ್ಯಾಕ್ಟೀರಿಯಾದಿಂದ ಬರುವ ರೋಗ ಅಮೆರಿಕನ್ ಫೌಲ್‌ಬ್ರೂಡ್. ಮರಿಹುಳು ಕೊಳೆತು ಅಂಟಾಗುತ್ತದೆ. ಬೆಂಕಿಕಡ್ಡಿ ಚುಚ್ಚಿ ಎತ್ತಿದರೆ ಎಳೆ ಎಳೆಯಾಗಿ ಬರುತ್ತದೆ. ಅದರ ಸ್ಪೋರ್‌ಗಳು (ಗಟ್ಟಿ ಕವಚದ ಸುಪ್ತ ರೂಪ) ಹಳೇ ಪೆಟ್ಟಿಗೆಯಲ್ಲಿ ಹತ್ತಾರು ವರ್ಷ ಉಳಿಯುತ್ತವೆ.

1906ರಲ್ಲಿ ಅಮೆರಿಕದ ಜಿ. ಎಫ್. ವೈಟ್ ಇದನ್ನು ಬ್ಯಾಸಿಲಸ್ ಲಾರ್ವೆ ಎಂದು ಕರೆದರು. 1950ರಲ್ಲಿ ಇದರಂಥದೇ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಬ್ಯಾಸಿಲಸ್ ಪಲ್ವಿಫೇಶಿಯೆನ್ಸ್ ಎಂಬ ಹೆಸರು ಬಂತು. 1996ರಲ್ಲಿ ಎರಡನ್ನೂ ಪೇನಿಬ್ಯಾಸಿಲಸ್ ಲಾರ್ವೆಗೆ ಸೇರಿಸಿ ಎರಡು ಉಪಜಾತಿ ಮಾಡಿದರು. 2006ರಲ್ಲಿ ಎಲ್ಕೆ ಗೆನರ್ಶ್ ಮತ್ತು ಸಂಗಡಿಗರು ಉಪಜಾತಿಗಳನ್ನೂ ಕೈಬಿಟ್ಟರು. ಮರಿಹುಳುಗಳಿಗೆ ಸೋಂಕು ತಗುಲಿಸಿ ನೋಡಿದಾಗ ಎರಡೂ ಕೊಲ್ಲುತ್ತಿದ್ದವು. ಇದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ.

ಆದರೆ ಹೆಸರು ಒಂದಾದ ಮಾತ್ರಕ್ಕೆ ಒಳಗಿನ ವ್ಯತ್ಯಾಸ ಹೋಗಲಿಲ್ಲ. ಎರಿಕ್ ಎಂಬ ಪಿಸಿಆರ್ (ಡಿಎನ್‌ಎ ತುಣುಕುಗಳನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಮಾಡಿ, ಆ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸಲು ಜೆಲ್‌ನಲ್ಲಿ ಓಡಿಸಿದರೆ ಪಟ್ಟೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಮೊದಲು ಗುರುತಿಸಿದ್ದು ನಾಲ್ಕು ಟೈಪ್, ಎರಿಕ್ 1ರಿಂದ 4. ಜೇನು ಸಾಕುವವರ ಪೆಟ್ಟಿಗೆಗಳಿಂದ ಬರುವುದು ಜಾಸ್ತಿ 1 ಮತ್ತು 2. ಬ್ಯಾಕ್ಟೀರಿಯಾದ ಜಾತಿ ಗುರುತಿಸಲು ಬಳಸುವ 16ಎಸ್ ಜೀನ್ ಒಂದನ್ನೇ ಓದಿದರೆ ಈ ವ್ಯತ್ಯಾಸ ಸಿಗುವುದಿಲ್ಲ.

ಎರಿಕ್ 2 ಸೋಂಕು ತಗುಲಿದ ಮರಿಗಳನ್ನು ಸುಮಾರು ಒಂದು ವಾರದಲ್ಲಿ ಕೊಲ್ಲುತ್ತದೆ. ಎರಿಕ್ 1ಕ್ಕೆ ಸುಮಾರು 12 ದಿನ ಬೇಕು. ಹಾಗಾದರೆ 2 ಹೆಚ್ಚು ಅಪಾಯಕಾರಿ, ಅಲ್ವಾ? ಇಡೀ ಕುಟುಂಬದ ಲೆಕ್ಕದಲ್ಲಿ ಉಲ್ಟಾ. ಬೇಗ ಸತ್ತ ಮರಿಯನ್ನು, ಕೋಣೆಗೆ ಮೇಣದ ಮುಚ್ಚಳ ಬೀಳುವ ಮೊದಲೇ, ಕೆಲಸಗಾರ ಹುಳುಗಳು ಎಳೆದು ಹಾಕುತ್ತವೆ. ನಿಧಾನವಾಗಿ ಸಾಯುವ ಮರಿಗಳಲ್ಲಿ ಹೆಚ್ಚಿನವು ಮುಚ್ಚಳದ ಒಳಗೇ ಕೊಳೆತು ಸ್ಪೋರ್ ತುಂಬಿಕೊಳ್ಳುತ್ತವೆ. ಎರಿಕ್ 2 ಇರುವ ಪೆಟ್ಟಿಗೆಯಲ್ಲಿ ಎಳೆ ಬರುವ ಕೋಣೆಗಳು ಕಡಿಮೆ, ಹಾಗಾಗಿ ರೋಗ ಕಣ್ಣಿಗೆ ಬೀಳದೆ ಉಳಿಯಬಹುದು. ಬೆಂಕಿಕಡ್ಡಿ ಪರೀಕ್ಷೆ ನಂಬಿ ಕೂತವರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಹಳೇ ದಾಖಲೆ ಹುಡುಕುವಾಗ ಮೂರೂ ಹೆಸರು ಹಾಕಿ ನೋಡಿ. ಅಕ್ಕಪಕ್ಕದ ಎರಡು ಊರುಗಳಲ್ಲಿ ರೋಗ ಬಂದರೆ ಮೊದಲು ಟೈಪ್ ಹೋಲಿಸಿ. ಬೇರೆ ಬೇರೆ ಇದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಹರಡಿತು ಎನ್ನಲಾಗದು. ಒಂದೇ ಆಗಿದ್ದರೂ ದೂರಲು ಅವಸರ ಬೇಡ, ಆಗ ಪೂರ್ತಿ ಜೀನೋಮ್ (ಬ್ಯಾಕ್ಟೀರಿಯಾದ ಎಲ್ಲ ಡಿಎನ್‌ಎ) ಹೋಲಿಸಬೇಕು.