ಫ್ರೆಟ್ ಇಲ್ಲದ ಬ್ಯಾಂಜೋ: ಈ ಚಳಿಗಾಲದ ಕೆಲಸ

ಬ್ಯಾಂಜೋ ಅಂದರೆ ಚರ್ಮ ಬಿಗಿದ ದುಂಡು ಬುರುಡೆಯ ತಂತಿವಾದ್ಯ. ಈ ಚಳಿಗಾಲ ಪೂರ್ತಿ ಅದನ್ನು ನುಡಿಸುತ್ತಿದ್ದ ಅಮೆರಿಕದ ಜಾನಪದ ಸಂಗೀತಗಾರ ಟಾಮಿ ಜಾರೆಲ್ ಅವರ ಹಳೆಯ ರೆಕಾರ್ಡಿಂಗ್ ಹಿಡಿದು ಕೂತಿದ್ದೇನೆ. ಒಂದೊಂದು ಟ್ಯೂನನ್ನೂ ವೇಗ ಇಳಿಸಿ ಕೇಳುವುದು, ಕೈಗೆ ಕೂರಿಸಿಕೊಳ್ಳುವುದು, ಆಮೇಲೆ ಬರೆದಿಡುವುದು.

ಜಾರೆಲ್ (1901–1985) ನಾರ್ತ್ ಕೆರೊಲೈನಾದ ರೌಂಡ್ ಪೀಕ್ ಕಡೆಯವರು. ರಸ್ತೆ ಇಲಾಖೆಯಲ್ಲಿ ನೆಲ ಸಮ ಮಾಡುವ ಗ್ರೇಡರ್ ಯಂತ್ರ ಓಡಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಎಲ್ಲೆಲ್ಲಿಂದಲೋ ಹುಡುಗರು ಬಂದು ಅವರ ಮನೆಯಲ್ಲೇ ಕೂತು, ಕೈ ನೋಡಿಕೊಂಡು ಕಲಿತರು. ನಮಗೆ ಈಗ ಉಳಿದಿರುವುದು ಧ್ವನಿಮುದ್ರಣ, ಒಂದಷ್ಟು ವಿಡಿಯೊ.

ನನ್ನ ಬಲಗೈ ಈಗ ಪರವಾಗಿಲ್ಲ. ಜಾರೆಲ್ ಅವರ ಕ್ಲಾಹ್ಯಾಮರ್ ಶೈಲಿಯಲ್ಲಿ ಬೆರಳಿನ ಉಗುರು ತಂತಿಯನ್ನು ಮೇಲಿಂದ ಕೆಳಕ್ಕೆ ಹೊಡೆಯುತ್ತದೆ. ಅದೇ ಇಳಿತದಲ್ಲಿ ಹೆಬ್ಬೆರಳು ಐದನೇ ತಂತಿಯ ಮೇಲೆ ಹೋಗಿ ಕೂತಿರುತ್ತದೆ, ಕೈ ಏಳುವಾಗ ಅದನ್ನು ಮೀಟುತ್ತದೆ. ಆ ತಂತಿ ಗಿಡ್ಡ. ಅದರ ಬಿರಡೆ ಕುತ್ತಿಗೆಯ ನಡುವೆಯೇ ಇದೆ. ಟ್ಯೂನ್ ಎಲ್ಲಿ ಸುತ್ತಾಡಿದರೂ ಅದು ಶ್ರುತಿ ಬಿಡುವುದಿಲ್ಲ.

ಕಷ್ಟ ಇರುವುದು ಎಡಗೈಯಲ್ಲಿ. ಜಾರೆಲ್, ಅವರದೇ ರೌಂಡ್ ಪೀಕ್ ಶೈಲಿಯ ಫ್ರೆಡ್ ಕಾಕರ್‌ಹ್ಯಾಮ್ ಇಬ್ಬರೂ ಫ್ರೆಟ್ (ವೀಣೆಯ ಮೆಟ್ಟಿಲಿನಂಥ ಅಡ್ಡಪಟ್ಟಿ) ಇಲ್ಲದ ಬ್ಯಾಂಜೋ ನುಡಿಸಿದವರು. ಕೆಲವು ಟ್ಯೂನ್‌ಗಳಲ್ಲಿ ಅವರ ಗಾಂಧಾರ ಕೇಳಿ: ಸಾಧಾರಣವೂ (ಕೆಳಗಿನ ಗ) ಅಲ್ಲ, ಅಂತರವೂ (ಮೇಲಿನ ಗ) ಅಲ್ಲ, ಎರಡರ ನಡುವೆ ಎಲ್ಲೋ ಜಾರಿಕೊಂಡು ಬಂದು ನಿಲ್ಲುತ್ತದೆ. ಫ್ರೆಟ್ ನಂಬರ್ ಹಾಕಿ ಬರೆಯುವ ಟ್ಯಾಬ್ ಎಂಬ ಸ್ವರಲಿಪಿಯಲ್ಲಿ ಇದು ಸಿಗುವುದೇ ಇಲ್ಲ. ಮಾರುಕಟ್ಟೆಯ ಟ್ಯಾಬ್ ನೋಡಿ ಕಲಿತರೆ ಟ್ಯೂನ್ ಬರುತ್ತದೆ, ರೌಂಡ್ ಪೀಕ್ ಬರುವುದಿಲ್ಲ. ಅದಕ್ಕೇ ನಾನು ನಂಬರ್ ಬಿಟ್ಟು ಗೆರೆ ಎಳೆಯುತ್ತಿದ್ದೇನೆ. ಜಾರು ಎಲ್ಲಿ ಶುರು, ಎಲ್ಲಿ ನಿಲ್ಲುತ್ತದೆ, ಹೊಡೆತ ಯಾವ ಹಂತದಲ್ಲಿ ಬೀಳುತ್ತದೆ, ಇಷ್ಟೂ ಅದರಲ್ಲಿ ಕಾಣಬೇಕು. ಪ್ರತಿ ಪುಟದ ತಲೆಗೆ ತಂತಿಗಳ ಶ್ರುತಿ, ಯಾರ ನುಡಿಸಾಣಿಕೆ, ಯಾವ ರೆಕಾರ್ಡಿಂಗ್ ಎಂಬುದು ಕಡ್ಡಾಯ. ಒಂದೇ ಟ್ಯೂನನ್ನು ಜಾರೆಲ್ ಒಂದು ಥರ, ಕಾಕರ್‌ಹ್ಯಾಮ್ ಇನ್ನೊಂದು ಥರ ನುಡಿಸಿದ್ದರೆ ಎರಡೂ ಬೇರೆ ಬೇರೆ ಪುಟ. ಸೇರಿಸಿ ಸರಾಸರಿ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಮುಂದಿನ ಸರದಿ ಕಪ್ಪು ಸಂಗೀತಗಾರ ಜೋ ಥಾಮ್ಸನ್ (1918–2012) ಮತ್ತು ಅವರ ದಾಯಾದಿ ಓಡೆಲ್ ಅವರದು. ಜೋ ಪಿಟೀಲು, ಓಡೆಲ್ ಬ್ಯಾಂಜೋ. ಬ್ಯಾಂಜೋದ ಬೇರು ಇರುವುದೇ ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರಲ್ಲಿ. ಆದರೂ ಕಪ್ಪು ಜನರ ಈ ಪರಂಪರೆಯನ್ನು ಕೇಳಿದವರು ಕಮ್ಮಿ, ಅಲ್ವಾ? 2005ರ ಸುಮಾರಿಗೆ ಮೂವರು ಯುವ ಕಪ್ಪು ಸಂಗೀತಗಾರರು ಜೋ ಅವರ ಮನೆಗೆ ಹೋಗಿ ಕೂತು ಕಲಿತರು. ಕೆರೊಲೈನಾ ಚಾಕಲೇಟ್ ಡ್ರಾಪ್ಸ್ ತಂಡ ಬೆಳೆದದ್ದು ಅಲ್ಲಿಂದ. ಜೋ ಇದ್ದ ಮೆಬನ್ ಊರು ನಾನಿರುವ ರಾಲಿಯಿಂದ ಸುಮಾರು ಒಂದು ಗಂಟೆ ದಾರಿ. ಇಷ್ಟು ಹತ್ತಿರದ ಸಂಗೀತವನ್ನು ಸುಮ್ನೆ ಬಿಡಲು ಮನಸ್ಸಿಲ್ಲ. ಓಡೆಲ್ ಅವರ ಹೆಬ್ಬೆರಳಿನ ಲೆಕ್ಕ ಜಾರೆಲ್‌ಗಿಂತ ಬೇರೆ ಅನ್ನಿಸುತ್ತಿದೆ. ಮೊದಲು ಅದನ್ನು ಬಿಡಿಸಿ ಬರೆಯಬೇಕು.