ಯಾವ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್ ಮೊದಲು ಕಲಿಯಲಿ?

ಪೈಥಾನ್. ಉತ್ತರ ಸಿಕ್ಕಿತಲ್ಲ, ಇನ್ನು ಹೊರಡಿ.

ಹೊರಡಲ್ಲ, ಗೊತ್ತು. "ಪೈಥಾನ್ ಸ್ಲೋ ಅಂತೆ?" "ಜಾವಾಸ್ಕ್ರಿಪ್ಟ್‌ಗೆ ಸ್ಕೋಪ್ ಜಾಸ್ತಿ ಅಂತೆ?" "ಸಿ ಬರದಿದ್ರೆ ಬುನಾದಿನೇ ಇರಲ್ವಂತೆ?" ಬರೀ ಅಂತೆಕಂತೆ. ಇನ್ನೂ ಒಂದು ಸಾಲು ಬರೆದಿಲ್ಲ, ವೇಗದ ಚಿಂತೆ ಆಗಲೇ ಶುರು. ಮೊದಲ ಆರು ತಿಂಗಳು ನಿಧಾನ ಇರುವುದು ನೀವು, ಪೈಥಾನ್ ಅಲ್ಲ. ಅದು ಬಂದಿದ್ದು 1991ರಲ್ಲಿ, ಜಾವಾಸ್ಕ್ರಿಪ್ಟ್ 1995ರಲ್ಲಿ. ಸಿ ಅವೆರಡಕ್ಕಿಂತಲೂ ಹಿರಿಯದು. ನೀವು ಮನಸ್ಸು ಮಾಡುವಷ್ಟರಲ್ಲಿ ಯಾವುದೂ ಓಡಿಹೋಗುವುದಿಲ್ಲ.

ನನ್ನ ತಂಗಿಯ ಮಗಳು ಇದೇ ಪ್ರಶ್ನೆ ಹಿಡಿದು ಒಂದು ತಿಂಗಳು ವಿಡಿಯೋ ನೋಡಿದಳು. ಕೊನೆಗೆ ನಾನು ಗದರಿದ ಮೇಲೆ ಪೈಥಾನ್ ತೆರೆದು, ಎರಡು ಸಂಖ್ಯೆ ಕೇಳಿ ಕೂಡಿಸುವ ಪುಟ್ಟ ಪ್ರೋಗ್ರಾಂ ಬರೆದಳು. 5 ಒತ್ತಿದಳು, ಆಮೇಲೆ 7. ಬಂದಿದ್ದು 57.

"ಮಾವ, ಇದಕ್ಕೆ ಕೂಡೋಕೂ ಬರಲ್ಲ. ಜಾವಾಸ್ಕ್ರಿಪ್ಟೇ ಕಲೀಬೇಕಿತ್ತು."

ಲ್ಯಾಂಗ್ವೇಜ್ ಯಾವುದಾದರೂ ಒಂದೇ ಅಂತ ಹೇಳಿ ಅದರಲ್ಲೂ ಬರೆಸಿದೆ. ಅಲ್ಲೂ 57. ಅವಳ ಮುಖ ನೋಡಬೇಕಿತ್ತು. ಆಗ ಬಾಯಿಂದ ಬಂತು, ನಾನು ವರ್ಷಗಟ್ಟಲೆ ಕಾಯುತ್ತಿದ್ದ ಪ್ರಶ್ನೆ: "ಯಾಕೆ?"

ಕೇಳುವುದಾದರೆ ಇದನ್ನು ಕೇಳಿ, ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತೇನೆ. ಫೋನ್ ನಂಬರಿನಲ್ಲಿ ಇರುವುದೂ ಅಂಕಿಗಳೇ, ಆದರೆ ಎರಡು ಫೋನ್ ನಂಬರನ್ನು ಯಾರಾದರೂ ಕೂಡುತ್ತಾರಾ? ಅಲ್ಲಿ ಅಂಕಿ ಎಂದರೆ ಬರೀ ಗುರುತು. ನೀವು ಟೈಪ್ ಮಾಡಿದ 5 ಕೂಡ ಪ್ರೋಗ್ರಾಂ ಕೈಗೆ ಸಿಗುವುದು ಹಾಗೆಯೇ, ಅಕ್ಷರವಾಗಿ. ಆ ಅಕ್ಷರಕ್ಕೆ ಕಂಪ್ಯೂಟರ್ ಇಟ್ಟಿರುವ ಸಂಕೇತ 53. ಲೆಕ್ಕದ ಐದಾದರೆ ಬೈನರಿಯಲ್ಲಿ, ಅಂದರೆ ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕದಲ್ಲಿ, 101. ಎರಡೂ ಬೇರೆ ಬೇರೆ ವಸ್ತು, ಪರದೆಯ ಮೇಲೆ ಮಾತ್ರ ಅವಳಿಜವಳಿ. ಅಕ್ಷರಗಳ ನಡುವೆ ಪ್ಲಸ್ ಹಾಕಿದರೆ ಅದು ಪಕ್ಕಪಕ್ಕ ಅಂಟಿಸುತ್ತದೆ. ಕೂಡಬೇಕಾದರೆ 'ಇದನ್ನು ಸಂಖ್ಯೆ ಮಾಡು' ಅಂತ ನೀವೇ ಹೇಳಬೇಕು. ಪೈಥಾನ್‌ನಲ್ಲಿ ಅದಕ್ಕೆ 'ಇಂಟ್' ಇದೆ, ಜಾವಾಸ್ಕ್ರಿಪ್ಟ್‌ನಲ್ಲಿ 'ನಂಬರ್'.

ಹೇಳಿಕೊಟ್ಟೆ. ಎರಡರಲ್ಲೂ 12 ಬಂತು. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಹುಡುಗಿ ಕೀಬೋರ್ಡನ್ನು ಕನ್ನಡಕ್ಕೆ ಬದಲಿಸಿ ೫ ಮತ್ತು ೭ ಒತ್ತಿದಳು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ೫ರ ಸಂಕೇತ 3307, ಆ 53ಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪೈಥಾನ್ ತಕರಾರಿಲ್ಲದೆ 12 ಅಂದಿತು. ಜಾವಾಸ್ಕ್ರಿಪ್ಟ್ ಮಾತ್ರ 'ನ್ಯಾನ್' ಅಂದಿತು, ಅಂದರೆ ಇದು ಸಂಖ್ಯೆಯೇ ಅಲ್ಲ ಅಂತ.

"ನೋಡು ಮಾವ, ಲ್ಯಾಂಗ್ವೇಜ್ ಯಾವುದಾದ್ರೂ ಒಂದೇ ಅಂತಿದ್ದೆ!"

ಮೊದಲ ಸಾಲಿನಲ್ಲೇ ಪೈಥಾನ್ ಅಂತ ಹೇಳಿದ್ದೀನಲ್ಲ, ಇನ್ನೇನು?